ಸ್ಟ್ರೈಟ್ ಔಟ್ಟಾ ಕುಂದಾಪ್ರ

2015ರ ಚೌತಿಗೆ ಊರಿಗೆ ಹೋಗುವಾಗ ಹೊಸ ಟೀ ಶರ್ಟ್ ಹಾಕ್ಕೊಂಡು ಹೋಗಿದ್ದೆ. ಕಪ್ಪು ಬಟ್ಟೆ, ಎದೆ ಮೇಲೊಂದು ಬಿಳಿ ಚೌಕಟ್ಟು, ಅದರೊಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಸ್ಟ್ರೈಟ್ ಔಟ್ಟಾ ಕುಂದಾಪುರ’. ಆ ವರ್ಷ ನಿಮ್ಮ ಫೇಸ್‌ಬುಕ್ಕಲ್ಲೂ ಇದು ಬಂದಿರುತ್ತೆ. ‘ಸ್ಟ್ರೈಟ್ ಔಟ್ಟಾ ಕಾಂಪ್ಟನ್’ ಅನ್ನೋ ಸಿನಿಮಾ ಆಗಸ್ಟಲ್ಲಿ ಬಿಡುಗಡೆ ಆಗಿತ್ತು. ಅದರ ಪ್ರಚಾರಕ್ಕೆ ಅಂತ ಕಾಂಪ್ಟನ್ ಇರೋ ಜಾಗದಲ್ಲಿ ಅವರವರ ಊರಿನ ಹೆಸರು ಬರೆದುಕೊಳ್ಳೋ ಒಂದು ಆಟ ಶುರು ಮಾಡಿದ್ದರು. ಜಗತ್ತೆಲ್ಲ ಬರೆದುಕೊಂಡಿತು. ನಾನು ಒಂದು ಹೆಜ್ಜೆ ಮುಂದೆ ಹೋಗಿ ಬೆಂಗಳೂರಿನ ಪ್ರಿಂಟಿಂಗ್ ಅಂಗಡಿಯಲ್ಲಿ ಶರ್ಟೇ ಮಾಡಿಸಿಕೊಂಡಿದ್ದೆ.

ನಾವುಂದದ ನಮ್ಮನೆ ಜಗಲಿಯಲ್ಲಿ ಕೂತಿದ್ದ ಮಾವ, ಅಂದ್ರೆ ಅಮ್ಮನ ಅಣ್ಣ, ಕನ್ನಡಕ ಮೇಲೆ ಮಾಡಿ ನೋಡಿದರು.

‘ಇದೆಂತ ಬರ್ದದ್ ಮಾರಾಯ ಎದಿ ಮೇಲೆ?’

‘ಸೀದಾ ಕುಂದಾಪ್ರದಿಂದ ಬಂದದ್ದು ಅಂದ್ಹೇಳಿ ಅರ್ಥ, ಮಾವ.’

‘ನೀನ್ ಬಂದದ್ ಬೆಂಗ್ಳೂರಿಂದ ಅಲ್ದಾ?’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಈ ಶರ್ಟಿನ ಹಿಂದೆ ಹನ್ನೆರಡು ವರ್ಷದ ಒಂದು ಕತೆ ಇತ್ತು. ಅದನ್ನು ಮೊದಲು ಹೇಳಿಬಿಡ್ತೀನಿ. 2003ರಲ್ಲಿ ಇಂಜಿನಿಯರಿಂಗ್ ಓದೋಕೆ ಘಟ್ಟದ ಮೇಲಿನ ಕಾಲೇಜೊಂದಕ್ಕೆ ಸೇರಿದ್ದೆ. ಹಾಸ್ಟೆಲ್ಲಿನ ಮೊದಲ ವಾರವೇ ನನ್ನ ಕನ್ನಡ ಅಲ್ಲಿಯವರಿಗೆ ತಮಾಷೆಯ ವಸ್ತು ಆಯ್ತು. ‘ಎಂತ’ ಅಂದರೆ ನಗು. ‘ಹೊಯ್ಕ್’ ಅಂದರೆ ನಗು. ಎಲ್ಲಕ್ಕಿಂತ ಹೆಚ್ಚು ಅಂದ್ರೆ ‘ಇತ್ತ್’. ನಮ್ಮ ಕಡೆ ‘ಪುಸ್ತಕ ಇತ್ತ್’ ಅಂದರೆ ಈಗ ಇದೆ ಅಂತ. ಅವರಿಗೆ ಅದು ಹಿಂದೆ ಯಾವಾಗಲೋ ಇತ್ತು ಅಂತ ಕೇಳುತ್ತೆ. ‘ಇತ್ತಾ? ಈಗೆಲ್ಲಿ ಹೋಯ್ತು?’ ಅಂತ ಸೀನಿಯರ್‌ಗಳು ದಿನಾ ಕೇಳೋರು. ಎರಡು ತಿಂಗಳಲ್ಲಿ ನಾನು ಪುಸ್ತಕದ ಕನ್ನಡ ಮಾತಾಡೋಕೆ ಕಲಿತೆ. ಮನೆಗೆ ಎಸ್‌ಟಿಡಿ ಬೂತಿಂದ ಫೋನ್ ಮಾಡುವಾಗ ಬಾಗಿಲು ಭದ್ರ ಹಾಕ್ಕೊಳ್ಳೋದು ಕಲಿತೆ.

ಆಗ ರೂಮ್‌ಮೇಟ್ ಒಬ್ಬನ ಎಂಪಿತ್ರೀ ಸಿಡಿಯಲ್ಲಿ ಸಿಕ್ಕಿದ್ದು ಎನ್‌ಡಬ್ಲ್ಯುಎ ತಂಡದ ಈ ಆಲ್ಬಮ್ಮು. 1988ರದ್ದು. ಲಾಸ್ ಏಂಜಲೀಸ್ ಪಕ್ಕದ ಕಾಂಪ್ಟನ್ ಅನ್ನೋ ಪುಟ್ಟ ನಗರದ ಹೆಸರು ಹೊತ್ತದ್ದು. ಈಜಿ-ಇ, ಐಸ್ ಕ್ಯೂಬ್, ಡಾಕ್ಟರ್ ಡ್ರೆ, ಎಂಸಿ ರೆನ್, ಡಿಜೆ ಯೆಲ್ಲಾ, ಎಲ್ಲ ಇಪ್ಪತ್ತರ ಆಸುಪಾಸಿನ ಹುಡುಗರು. ಅರ್ಧ ಪದ ನನಗೆ ಅರ್ಥ ಆಗ್ತಿರಲಿಲ್ಲ, ಅರ್ಥ ಆದ ಇನ್ನರ್ಧದಲ್ಲಿ ಬಹುಪಾಲು ಬೈಗುಳ. ಆದ್ರೆ ಒಂದು ಮಾತ್ರ ಸ್ಪಷ್ಟ ಗೊತ್ತಾಯ್ತು. ಈ ಹುಡುಗರು ತಮ್ಮ ಊರಿನ ಹೆಸರನ್ನು, ತಮ್ಮ ಬೀದಿಯ ಮಾತನ್ನು ಯಾರಿಗೂ ಹೆದರದೆ ಹೇಳ್ತಿದ್ದರು. ಹೇಳಿ ಗೆದ್ದಿದ್ದರು.

ಗೆದ್ದಿದ್ದೂ ಸಣ್ಣ ಗೆಲುವಲ್ಲ. ಕಂಪನಿ ಈಜಿ-ಇಯದ್ದೇ, ಖರ್ಚು ಮಾಡಿದ್ದು ಚಿಲ್ಲರೆ ದುಡ್ಡು. ರೇಡಿಯೋಗಳು ಹಾಕಲಿಲ್ಲ. ಎಂಟಿವಿ ವಿಡಿಯೋ ತೋರಿಸಲ್ಲ ಅಂತು. 1989ರಲ್ಲಿ ಎಫ್‌ಬಿಐ ಅಧಿಕಾರಿಯೊಬ್ಬರು ಇವರ ಪೊಲೀಸ್ ವಿರೋಧಿ ಹಾಡಿನ ಬಗ್ಗೆ ರೆಕಾರ್ಡ್ ಕಂಪನಿಗೆ ಪತ್ರವನ್ನೇ ಬರೆದರು. ಬೈದಷ್ಟೂ ಮಾರಾಟ ಏರಿತು. ಅದೇ ವರ್ಷ ಹತ್ತು ಲಕ್ಷ ದಾಟಿತು, ಮುಂದೆ ಅದಕ್ಕೂ ಎಷ್ಟೋ ಪಟ್ಟು ಹೆಚ್ಚು. ‘ಗ್ಯಾಂಗ್‌ಸ್ಟಾ ರ‍್ಯಾಪ್’ ಅನ್ನೋದು ಕೋಟಿಗಟ್ಟಲೆ ಡಾಲರಿನ ವ್ಯಾಪಾರ ಆಗಬಹುದು ಅಂತ ಅಮೆರಿಕಕ್ಕೆ ಗೊತ್ತಾಗಿದ್ದೇ ಇದರಿಂದ. ಒಂದು ಕಾಲಕ್ಕೆ ಇದನ್ನು ಹಾಳು ಸಂಗೀತ ಅಂದ ಸರಕಾರದ್ದೇ ಲೈಬ್ರರಿ ಆಫ್ ಕಾಂಗ್ರೆಸ್, ಮುಂದೊಂದು ದಿನ ಇದನ್ನು ದೇಶ ಕಾಪಾಡಿಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು.

ನಾನು ಅದನ್ನು ನಾಲ್ಕು ವರ್ಷ ಕೇಳಿದೆ. ಇಂಟರ್ನಲ್ಸ್ ಹಿಂದಿನ ರಾತ್ರಿ ಕೇಳಿದೆ, ಕ್ಯಾಂಪಸ್ ಇಂಟರ್‌ವ್ಯೂಗೆ ಟೈ ಕಟ್ಟಿಕೊಳ್ಳುವಾಗ ಕೇಳಿದೆ. ಕಂಪ್ಯೂಟರಿನ ಪರದೆ ಮೇಲೆ ಅದರ ಕವರ್ ಫೋಟೋ ಇಟ್ಟುಕೊಂಡೆ. ನಾನೂ ಅವರ ಗುಂಪಿನಲ್ಲಿ ಒಬ್ಬ ಅಂತ ಅನ್ನಿಸ್ತಿತ್ತು. ಅವರಿಗೊಂದು ಕಾಂಪ್ಟನ್ ಇದ್ದ ಹಾಗೆ ನನಗೊಂದು ನಾವುಂದ. ಹಾಸ್ಟೆಲ್ಲಿನ ಬಾಗಿಲು ತೆಗೆದಿಟ್ಟೇ ‘ಎಂತ ಮಾರಾಯ’ ಅನ್ನೋಕೆ ಶುರು ಮಾಡಿದ್ದು ಈ ಆಲ್ಬಮ್ಮಿನ ಧೈರ್ಯದಿಂದ ಅಂದರೆ ನೀವು ನಗಬಹುದು. ಆದ್ರೆ ನಿಜ.

ಈಗ ಜಗಲಿಗೆ ವಾಪಸ್ ಬರೋಣ.

ಇದೆಲ್ಲ ಮಾವನಿಗೆ ಬಿಡಿಸಿ ಹೇಳಿದೆ. ಅವರು ಹಾಡು ಕೇಳುವ ಮನುಷ್ಯ ಅಲ್ಲ, ಆದ್ರೆ ವ್ಯಾಪಾರದ ವಿಷಯ ಅಂದರೆ ಕಿವಿ ನೆಟ್ಟಗಾಗುತ್ತೆ. 1969ರಲ್ಲಿ, ಹದಿನಾಲ್ಕು ವರ್ಷಕ್ಕೆ, ಬಸ್ಸು ಹತ್ತಿ ಬೊಂಬಾಯಿಗೆ ಹೋದವರು. ಹಗಲು ಹೋಟೆಲಲ್ಲಿ ಲೋಟ ತಟ್ಟೆ ತೊಳೆದು, ರಾತ್ರಿ ಕನ್ನಡ ನೈಟ್ ಸ್ಕೂಲಲ್ಲಿ ಓದಿ, ಮಾಣಿ ಆಗಿ, ಗಲ್ಲದ ಮೇಲೆ ಕೂತು, ಕೊನೆಗೆ ಉಪನಗರದ ಒಂದು ಸಣ್ಣ ಹೋಟೆಲಲ್ಲಿ ಪಾಲುದಾರ ಆದವರು. ಬೈಂದೂರಿಂದ ಬ್ರಹ್ಮಾವರದ ತನಕ ಯಾವ ಮನೆಗೆ ಹೋದರೂ ಈ ಕತೆಯ ಒಬ್ಬ ಮಾವನೋ ದೊಡ್ಡಪ್ಪನೋ ಸಿಗ್ತಾರೆ. ನಮ್ಮ ಕಡೆಯ ಎಷ್ಟೋ ಹೆಂಚಿನ ಮನೆಗಳು ಮುಂಬೈಯ ಇಡ್ಲಿಯಿಂದ ಎದ್ದು ನಿಂತವು.

‘ಬರ್ದವ ಯಾರ್?’ ಮಾವ ಕೇಳಿದರು.

ಜಾಸ್ತಿ ಬರೆದದ್ದು ಐಸ್ ಕ್ಯೂಬ್ ಅಂತ ಹೇಳಿದೆ. ಅವನು ಗ್ಯಾಂಗಿನವನೇ ಅಲ್ಲ, ನಡುವೆ ಒಂದು ವರ್ಷ ಬೇರೆ ರಾಜ್ಯಕ್ಕೆ ಹೋಗಿ ಕಟ್ಟಡದ ನಕ್ಷೆ ಬಿಡಿಸೋದು ಕಲಿತು ಬಂದ ಹುಡುಗ. ತನ್ನ ಬೀದಿಯಲ್ಲಿ ಕಂಡದ್ದನ್ನು ಬರೆದ. ದುಡ್ಡಿನ ಲೆಕ್ಕ ಸರಿ ಬರಲಿಲ್ಲ ಅಂತ ಜಗಳ ಆಗಿ 1989ರ ಕೊನೆಗೆ ತಂಡ ಬಿಟ್ಟ.

‘ಹಾಂಗಾರೆ ಗಲ್ಲದ್ ಮೇಲ್ ಕೂತವನೇ ನಿಜವಾದ್ ಭಾಯ್’ ಅಂದರು ಮಾವ. ಇಬ್ಬರೂ ನಕ್ಕೆವು. ನಗುವಿನ ಭರದಲ್ಲಿ ನಾನು ಮೊಬೈಲ್ ತೆಗೆದು ಆ ಕವರ್ ಫೋಟೋ ತೋರಿಸಿದೆ.

ನೀವು ನೋಡಿಲ್ಲ ಅಂದರೆ ಹೇಳ್ತೀನಿ. ಆರು ಹುಡುಗರು ವೃತ್ತಾಕಾರದಲ್ಲಿ ನಿಂತು ಕೆಳಗೆ ಬಗ್ಗಿ ನೋಡ್ತಿದ್ದಾರೆ. ಅವರ ತಲೆಗಳ ಹಿಂದೆ ಆಕಾಶ. ಈಜಿ-ಇ ಕೈಯಲ್ಲಿ ಪಿಸ್ತೂಲು, ಅದರ ಬಾಯಿ ನೇರ ನಮ್ಮ ಕಡೆ.

ಮಾವ ಮೊಬೈಲನ್ನು ದೂರ ಹಿಡಿದು ನೋಡಿದರು, ಹತ್ತಿರ ತಂದು ನೋಡಿದರು. ಅವರ ನಗು ನಿಂತಿತ್ತು.

‘ಇದ್ರಗೆ ನೀನ್ ಎಲ್ಲಿದ್ದೆ?’

ನನಗೆ ಪ್ರಶ್ನೆ ಅರ್ಥ ಆಗಲಿಲ್ಲ.

‘ಫೋಟೋ ತೆಗ್ದವ ನೆಲಕ್ ಬಿದ್ಕಂಡ್ ತೆಗ್ದದ್. ಅಂದ್ರೆ ನೋಡುವವ ಕೆಳ್ಗ್ ಬಿದ್ದವ. ಗುಂಡ್ ಬೀಳುದ್ ಅವನಿಗೆ.’

ಹನ್ನೆರಡು ವರ್ಷ ಆ ಫೋಟೋ ನೋಡಿದವನು ನಾನು. ಪರದೆ ಮೇಲೆ ಇಟ್ಟುಕೊಂಡವನು. ಒಂದು ದಿನವೂ ನನಗಿದು ಹೊಳೆದಿರಲಿಲ್ಲ. ನಾನು ಯಾವತ್ತೂ ಆ ಆರು ಜನರ ಪಕ್ಕ ಏಳನೆಯವನಾಗಿ ನಿಂತಿದ್ದೆ.

ಆ ಸಂಜೆ, ಒಳಗೆ ಅತ್ತೆ ಮತ್ತು ಅಮ್ಮ ಕಡುಬಿನ ಹಿಟ್ಟು ರುಬ್ಬುತ್ತಾ ಇರುವಾಗ, ಮಾವ ಇಪ್ಪತ್ತು ವರ್ಷ ಯಾರಿಗೂ ಹೇಳದ ವಿಷಯ ಹೇಳಿದರು.

ನಮಗೆಲ್ಲ ಗೊತ್ತಿದ್ದದ್ದು ಇಷ್ಟು. 1996ರಲ್ಲಿ ಮಾವ ಹೋಟೆಲಿನ ಪಾಲು ಮಾರಿ ಊರಿಗೆ ಬಂದರು. ಕಾರಣ ಶುಗರ್, ಮುಂಬೈಯ ಹವೆ ಒಗ್ಗಲಿಲ್ಲ. ನನಗೆ ಹನ್ನೊಂದು ವರ್ಷ. ಅವರು ತಂದ ಟೂ-ಇನ್-ವನ್ ರೇಡಿಯೋ ನಮ್ಮ ಮನೆಗೆ ಬಂತು ಅಂತ ಖುಷಿಪಟ್ಟಿದ್ದು ಬಿಟ್ಟರೆ ಬೇರೇನೂ ನೆನಪಿಲ್ಲ.

ನಡೆದದ್ದು ಬೇರೆ. ಅದರ ಹಿಂದಿನ ವರ್ಷ ಒಂದು ಮಧ್ಯಾಹ್ನ ಗಲ್ಲದ ಪಕ್ಕದ ಫೋನ್ ರಿಂಗಾಯ್ತು. ಆ ಕಾಲದ ಮುಂಬೈಯಲ್ಲಿ ಬಿಲ್ಡರ್‌ಗಳಿಗೆ, ಸಿನಿಮಾದವರಿಗೆ, ಹೋಟೆಲಿನವರಿಗೆ ಇಂಥ ಫೋನು ಬರೋದು ಎಲ್ಲರಿಗೂ ಗೊತ್ತಿತ್ತು. ಆದ್ರೆ ಅದು ದೊಡ್ಡವರಿಗೆ, ಬಾರ್ ಇದ್ದವರಿಗೆ ಅಂತ ಮಾವ ಅಂದುಕೊಂಡಿದ್ದರು. ಹಿಂದಿಯಲ್ಲಿ, ಗಡಸು ದನಿಯಲ್ಲಿ, ಸಿನಿಮಾದಲ್ಲಿ ಬರೋ ಹಾಗೆ ಇರುತ್ತೆ ಅಂತಲೂ.

‘ಅಣ್ಣ, ಊಟ ಆಯ್ತಾ?’ ಅಂತ ಕೇಳಿತಂತೆ ಆ ದನಿ. ‘ಊರಗ್ ಮಳಿ ಹ್ಯಾಂಗಿತ್ತ್ ಅಂಬ್ರ್?’

ನಮ್ಮದೇ ಕನ್ನಡ. ಅಚ್ಚ ಕುಂದಾಪ್ರದ್ದು. ಮಾವನಿಗೆ ಮೊದಲ ಅರ್ಧ ನಿಮಿಷ ಖುಷಿಯೇ ಆಯ್ತಂತೆ, ಯಾರೋ ಊರಿನ ಹುಡುಗ ಕೆಲಸ ಕೇಳಿಕೊಂಡು ಮಾಡಿದ್ದಾನೆ ಅಂತ. ‘ಆಯ್ತ್ ಮಾರಾಯ, ನಿಂದ್ ಆಯ್ತಾ?’ ಅಂತ ಕೇಳಿಯೂ ಬಿಟ್ಟಿದ್ದರು. ಆ ಕಡೆಯವನು ಅಜ್ಜಿಯ ಕಾಲುನೋವು ವಿಚಾರಿಸಿದ. ಮಾವನ ಮಗಳು ಯಾವ ಶಾಲೆ, ಎಷ್ಟು ಗಂಟೆಗೆ ಬಿಡ್ತಾರೆ ಅಂತ ತಾನೇ ಹೇಳಿದ. ಆಮೇಲೆ ಅದೇ ದನಿಯಲ್ಲಿ, ದೇವಸ್ಥಾನದ ವಂತಿಗೆ ಕೇಳುವ ಹಾಗೆ, ಐದು ಪೇಟಿ ಅಂದ. ಪೇಟಿ ಅಂದರೆ ಲಕ್ಷ.

ಮಾವ ಎರಡು ಕಂತು ಕೊಟ್ಟರು. ಮಗಳನ್ನು ಅತ್ತೆಯೇ ದಿನಾ ಶಾಲೆಗೆ ಬಿಟ್ಟು, ಸಂಜೆ ತನಕ ಗೇಟಿನ ಎದುರು ಕೂತು ಕರೆದುಕೊಂಡು ಬರ್ತಿದ್ದರು. ಮೂರನೆಯ ಕಂತಿನ ಮೊದಲು ಪಾಲು ಮಾರಿದರು. ಇಪ್ಪತ್ತೇಳು ವರ್ಷದ ಸಂಪಾದನೆಯಲ್ಲಿ ಊರಿಗೆ ಬಂದದ್ದು ಎರಡು ಸೂಟ್‌ಕೇಸು, ಅಡಿಕೆ ತೋಟದ ಸಾಲ ತೀರಿಸುವಷ್ಟು ದುಡ್ಡು, ಆ ರೇಡಿಯೋ. ಮರುವರ್ಷ, 1997ರ ಆಗಸ್ಟಲ್ಲಿ, ಕ್ಯಾಸೆಟ್ ಮಾರಿ ಸಾಮ್ರಾಜ್ಯ ಕಟ್ಟಿದ್ದ ಟಿ-ಸೀರೀಸಿನ ಗುಲ್ಶನ್ ಕುಮಾರ್ ಅವರನ್ನು ಅಂಧೇರಿಯಲ್ಲಿ ದೇವಸ್ಥಾನದ ಹೊರಗೆ ಗುಂಡಿಟ್ಟು ಕೊಂದ ಸುದ್ದಿ ಬಂತು. ಪೇಪರ್ ಮಡಚಿಟ್ಟು ಮಾವ ಎರಡು ದಿನ ಮನೆಯಿಂದ ಹೊರಗೆ ಹೋಗಲಿಲ್ಲವಂತೆ. ಆಗಲೂ ನಾವು ಅಂದುಕೊಂಡದ್ದು ಶುಗರ್ ಅಂತಲೇ.

ನಾನು ಯೋಚಿಸಿದೆ. ಅಲ್ಲಿ ಗ್ಯಾಂಗಿನ ಕತೆ ಹೇಳಿದವರು ಕ್ಯಾಸೆಟ್ ಮಾರಿ ಶ್ರೀಮಂತರಾದರು. ಇಲ್ಲಿ ಕ್ಯಾಸೆಟ್ ಮಾರಿದವನನ್ನೇ ಗ್ಯಾಂಗು ಕೊಂದಿತು. ಎರಡರ ನಡುವೆ ಎಲ್ಲೋ ನಮ್ಮ ಮಾವ ಇಡ್ಲಿ ಮಾರ್ತಿದ್ದರು.

‘ಅವನು ಯಾರು ಅಂತ ಗೊತ್ತಾಯ್ತಾ ಮಾವ?’ ಕೇಳಿದೆ.

ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಇಷ್ಟೇ. ಮದುವೆ ಮನೆಯಲ್ಲಿ, ಕೋಲದಲ್ಲಿ, ಹಿಂದಿನಿಂದ ಯಾರಾದರೂ ‘ಅಣ್ಣ, ಊಟ ಆಯ್ತಾ’ ಅಂದರೆ ಈಗಲೂ ತಿರುಗಿ ನೋಡೋಕೆ ಸ್ವಲ್ಪ ಹೊತ್ತು ಬೇಕಾಗುತ್ತೆ ಅಂತ.

ನೀವೇ ಯೋಚನೆ ಮಾಡಿ. ನಮ್ಮ ಭಾಷೆ ಅಂದರೆ ನಮ್ಮದು ಅನ್ನೋ ಅಭಿಮಾನ ನನಗೆ ಕಲಿಸಿದ್ದು ಒಂದು ಗ್ಯಾಂಗ್‌ಸ್ಟಾ ಆಲ್ಬಮ್ಮು. ಅದೇ ಭಾಷೆಯನ್ನು ಮಾವನ ಕಿವಿಯಲ್ಲಿ ಹೆದರಿಕೆ ಮಾಡಿದ್ದು ಒಬ್ಬ ನಿಜವಾದ ಗ್ಯಾಂಗಿನವನು. ಊಟ ಆಯ್ತಾ ಅನ್ನೋದಕ್ಕಿಂತ ಪ್ರೀತಿಯ ಮಾತು ನಮ್ಮಲ್ಲಿ ಬೇರೆ ಯಾವುದಿದೆ?

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಆ ಆಲ್ಬಮ್ ಮತ್ತೆ ಕೇಳಿದೆ. ನಿಲ್ಲಿಸಿಬಿಡಬೇಕು ಅಂತಿದ್ದೆ, ಆಗಲಿಲ್ಲ. ಈಗಲೂ ಆ ತಾಳಕ್ಕೆ ಕುತ್ತಿಗೆ ತಾನಾಗಿ ಆಡುತ್ತೆ. ಆದ್ರೆ ಮೊದಲು ದಾಟಿಸಿಬಿಡ್ತಿದ್ದ ಸಂಗತಿಗಳು ಈಗ ಕಿವಿಗೆ ಚುಚ್ಚುತ್ತವೆ. ಉದಾಹರಣೆಗೆ ಹೆಂಗಸರು. ಶಾಲೆ ಗೇಟಿನ ಎದುರು ಏಳು ತಿಂಗಳು ಕೂತ ನಮ್ಮ ಅತ್ತೆಯಂಥವರಿಗೆ ಆ ಆಲ್ಬಮ್ಮಲ್ಲಿ ಜಾಗ ಇಲ್ಲ. ಹೆಂಗಸು ಬಂದರೆ ಬೈಸಿಕೊಳ್ಳೋಕೆ ಮಾತ್ರ ಬರ್ತಾಳೆ. ಇನ್ನೊಂದು, ಅದನ್ನು ಕೊಂಡವರಲ್ಲಿ ದೊಡ್ಡ ಪಾಲು ಕಾಂಪ್ಟನ್ನಿನವರಲ್ಲ, ಅಂಥ ಬೀದಿಗೆ ಕಾಲೇ ಇಡದ, ಅಪ್ಪನ ಕಾರಿರುವ ಬಿಳಿಯರ ಬಡಾವಣೆಯ ಹುಡುಗರು ಅಂತ ಓದಿದ್ದೆ. ಓದಿದಾಗ ನಕ್ಕಿದ್ದೆ. ಹಾಸ್ಟೆಲ್ಲಿನ ಮಂಚದ ಮೇಲೆ ಮ್ಯಾಗಿ ತಿನ್ನುತ್ತಾ ಕೇಳಿದವನಿಗೂ ಅವರಿಗೂ ಏನು ವ್ಯತ್ಯಾಸ ಅಂತ ಆಗ ಕೇಳಿಕೊಂಡಿರಲಿಲ್ಲ. ಪಿಸ್ತೂಲಿಂದ ದೂರ ಇದ್ದಷ್ಟೂ ಅದರ ಸದ್ದು ಇಂಪಾಗಿರುತ್ತೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕತೆಯಿಂದ ಒಂದು ನೀತಿ ತೆಗೆದು ಒಳ್ಳೆಯವನಾಗಿಬಿಡ್ತಿದ್ದೆ. ಹಾಗಾಗಲು ಮಾವ ಬಿಡಲಿಲ್ಲ.

2018ರ ಡಿಸೆಂಬರ್ 21ಕ್ಕೆ ‘ಕೆಜಿಎಫ್’ ಬಂತು. ನಮ್ಮ ಕಡೆ ಅದು ಯಶ್ ಸಿನಿಮಾ ಮಾತ್ರ ಆಗಿರಲಿಲ್ಲ, ಬಸ್ರೂರಿನ ಸಿನಿಮಾವೂ ಆಗಿತ್ತು. ಕುಂದಾಪುರದ ಪಕ್ಕದ ಬಸ್ರೂರಿನ ಹುಡುಗ, ಊರಿನ ಹೆಸರನ್ನೇ ತನ್ನ ಹೆಸರಿಗೆ ಅಂಟಿಸಿಕೊಂಡ ರವಿ ಬಸ್ರೂರು, ಅದಕ್ಕೆ ಸಂಗೀತ ಕೊಟ್ಟಿದ್ದರು. ‘ಗರ್ಗರ್ ಮಂಡ್ಲ’, ‘ಬಿಲಿಂಡರ್’ ಅಂತ ಕುಂದಾಪ್ರ ಕನ್ನಡದಲ್ಲೇ ಸಿನಿಮಾ ನಿರ್ದೇಶಿಸಿದವರು ಅವರು. ಟೀ ಶರ್ಟ್ ಮಾಡಿಸದೆಯೇ ‘ಸೀದಾ ಬಸ್ರೂರಿಂದ’ ಅಂತ ಐದು ಭಾಷೆಗಳಲ್ಲಿ ಪರದೆ ಮೇಲೆ ಹೆಸರು ಹಾಕಿಸಿಕೊಂಡ ಮನುಷ್ಯ. ಅದು ರ‍್ಯಾಪ್ ಅಲ್ಲ, ಒಪ್ಪಿಕೊಳ್ತೀನಿ. ಆದ್ರೆ ನಮ್ಮ ಮಣ್ಣಿನಿಂದ ಹೋದ ಗ್ಯಾಂಗ್‌ಸ್ಟರ್ ಆಲ್ಬಮ್ಮು ಅಂತ ಒಂದಿದ್ದರೆ, ದೇಶವೆಲ್ಲ ಕೇಳಿದ್ದು ಅಂತ ಒಂದಿದ್ದರೆ, ಅದೇ.

ಮಾವನನ್ನು ಕರೆದುಕೊಂಡು ಹೋಗೋದಾ ಬೇಡವಾ ಅಂತ ನಾನು ತುಂಬ ಯೋಚಿಸಿದೆ. ಕತೆಯ ಶುರುವಲ್ಲೇ ಹುಡುಗ ಒಬ್ಬಂಟಿಯಾಗಿ ಬೊಂಬಾಯಿಗೆ ಬರ್ತಾನೆ, ಬೂಟ್ ಪಾಲಿಶ್ ಮಾಡ್ತಾನೆ, ಶೆಟ್ಟಿ ಅನ್ನೋ ಡಾನ್ ಕೈಕೆಳಗೆ ಬೆಳೀತಾನೆ. ಆದ್ರೆ ಅವರೇ ‘ಹ್ವಾಯ್, ಬಸ್ರೂರ್ ಗಂಡಿನ್ ಪಿಚ್ಚರ್ ಅಂಬ್ರ್, ಹೊಯ್ಕ್’ ಅಂತ ಹೊರಟರು.

ಟಾಕೀಸಿನ ಕತ್ತಲಲ್ಲಿ ನಾನು ಸಿನಿಮಾಕ್ಕಿಂತ ಹೆಚ್ಚು ಮಾವನನ್ನು ನೋಡಿದೆ. ‘ಸಲಾಂ ರಾಕಿ ಭಾಯ್’ ಹಾಡು ಬಂದಾಗ ಮುಂದಿನ ಸಾಲಿನವರು ಎದ್ದು ಕುಣಿದರು. ಮಾವನ ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕ್ತಿತ್ತು.

ಕಾರಲ್ಲಿ ಮರವಂತೆ ದಾಟುವಾಗ, ಒಂದು ಕಡೆ ಸಮುದ್ರ ಒಂದು ಕಡೆ ಸೌಪರ್ಣಿಕೆ, ಮಾವ ಹೇಳಿದರು. ‘ಲಾಯ್ಕ್ ಇತ್ತ್.’

ನನಗೆ ಸಿಟ್ಟೇ ಬಂತು. ‘ಮಾವ, ಅದು ಭಾಯ್‌ಗೆ ಸಲಾಂ ಹೊಡೆಯೋ ಹಾಡು. ನೀವಾದ್ರೂ...’

‘ಬಣ್ಣದ್ ವೇಷ ಕಂಡಿದ್ಯಾ ನೀನ್?’

ಕಂಡಿದ್ದೀನಿ. ಬಯಲಾಟದ ಮಧ್ಯರಾತ್ರಿ, ನಿದ್ದೆ ತೂಗುವ ಹೊತ್ತಿಗೆ, ಚಂಡೆ ಏರಿ, ಪರದೆಯ ಹಿಂದಿಂದ ಅಬ್ಬರಿಸುತ್ತಾ ಬರೋ ರಕ್ಕಸ. ತಾನು ಯಾರು, ತನ್ನ ಊರು ಯಾವುದು, ಯಾರ್ಯಾರನ್ನು ಬಡಿದಿದ್ದೇನೆ ಅಂತ ಹೇಳಿಕೊಳ್ಳುವ ಒಡ್ಡೋಲಗ. ಸಣ್ಣವನಿದ್ದಾಗ ಇದೇ ಮಾವನ ಮಡಿಲಲ್ಲಿ ಮುಖ ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡಿದ್ದೀನಿ.

‘ಬೆಳಿಗ್ಗೆ ಬಣ್ಣ ತೊಳ್ಕಂಡ್ ಅಂವ ನಮ್ಮ್ ಸಂಗ್ತಿಗೇ ಚಾ ಕುಡಿತ’ ಅಂದರು ಮಾವ. ‘ವೇಷಕ್ಕ್ ಹೆದ್ರುದ್ ಒಂದ್ ಖುಷಿ ಮಾರಾಯ. ನಂಗ್ ಫೋನ್ ಮಾಡ್ದವ್ನಿಗ್ ವೇಷ ಇರ್ಲಿಲ್ಲೆ.’

ಅಮೆರಿಕದ ಸಂಗೀತ ಪತ್ರಿಕೆಗಳು ಮೂವತ್ತು ವರ್ಷದಿಂದ ಇದರ ಬಗ್ಗೆ ಜಗಳ ಆಡ್ತಾ ಇವೆ. ಆ ಹುಡುಗರು ಹಿಂಸೆಯನ್ನು ಮಾರಿದರಾ, ಅಥವಾ ಕಂಡದ್ದನ್ನು ಹೇಳಿದರಾ? ವೇಷವಾ, ವರದಿಯಾ? ತಾವು ಮಾಡಿದ್ದು ‘ರಿಯಾಲಿಟಿ ರ‍್ಯಾಪ್’ ಅಂತ ಅವರೇ ಹೇಳಿಕೊಳ್ತಿದ್ದರು. ವೇಷದೊಳಗೆ ವರದಿಯೂ ಇತ್ತು ಅಂತ ನನಗನ್ನಿಸುತ್ತೆ. ಪೊಲೀಸರ ಬಗ್ಗೆ ಅವರು ಹಾಡಿದ್ದು ಬರೀ ಅಬ್ಬರ ಅಲ್ಲ ಅಂತ 1992ರಲ್ಲಿ ಲಾಸ್ ಏಂಜಲೀಸ್ ಹೊತ್ತಿ ಉರಿದಾಗ ಎಲ್ಲರಿಗೂ ಗೊತ್ತಾಯ್ತು. ರಾಡ್ನಿ ಕಿಂಗ್‌ನನ್ನು ಬಡಿದ ಪೊಲೀಸರನ್ನು ಕೋರ್ಟು ಬಿಟ್ಟುಕಳಿಸಿದ ದಿನ ಶುರುವಾದ ಬೆಂಕಿ ಅದು. ಹಾಗಂತ ಪಿಸ್ತೂಲಿನ ಮೋಹವೂ ಸುಳ್ಳಲ್ಲ. ಅದೂ ಇತ್ತು, ಅದೇ ಹೆಚ್ಚು ಮಾರಾಟ ಆಯ್ತು. ಎರಡರಲ್ಲಿ ಒಂದನ್ನು ಆರಿಸು ಅಂದರೆ ನನ್ನಿಂದ ಆಗಲ್ಲ. ಕವರ್ ಫೋಟೋ ಕಣ್ಣಿಗೆ ಬಿದ್ದಾಗೆಲ್ಲ ನಾನು ಎಲ್ಲಿ ನಿಂತಿದ್ದೀನಿ ಅಂತ ಒಮ್ಮೆ ನೋಡಿಕೊಳ್ತೀನಿ, ಅಷ್ಟೇ.

ಆ ಟೀ ಶರ್ಟ್? ಎರಡು ವರ್ಷ ಹಾಕಿ, ಮುಜುಗರ ಆಗಿ, ಊರಿನ ಕಪಾಟಲ್ಲಿ ಬಿಟ್ಟು ಬಂದಿದ್ದೆ. ನಮ್ಮ ಮನೆಗಳಲ್ಲಿ ಹಳೆ ಟೀ ಶರ್ಟಿನ ಹಣೆಬರಹ ನಿಮಗೆ ಗೊತ್ತಲ್ಲ, ನೆಲ ಒರೆಸೋ ಬಟ್ಟೆ. ಆದ್ರೆ ಕಳೆದ ಸಲ ಹೋದಾಗ ನೋಡ್ತೀನಿ, ಮಾವ ಅದನ್ನು ಹಾಕ್ಕೊಂಡು ಮಲ್ಲಿಗೆ ಗಿಡಕ್ಕೆ ನೀರು ಬಿಡ್ತಿದ್ದಾರೆ. ಅಕ್ಷರ ಅಲ್ಲಲ್ಲಿ ಸಿಪ್ಪೆ ಎದ್ದಿದೆ. ದೂರದಲ್ಲಿ ಮುಂಬೈ ಕಡೆ ಹೋಗುವ ರೈಲಿನ ಸದ್ದು.

‘ಅದ್ರಲ್ಲಿ ಎಂತ ಬರ್ದದ್ ಗೊತ್ತಿತ್ತಾ ಮಾವ?’ ಅಂತ ರೇಗಿಸಿದೆ.

‘ಗೊತ್ತಿತ್ತ್’ ಅಂದರು. ‘ಸೀದಾ ಹೋದದ್ ನಾನೇ ಅಲ್ದಾ?’

ಪೈಪನ್ನು ಇನ್ನೊಂದು ಬುಡಕ್ಕೆ ಹಾಕಿ, ತಿರುಗಿ ನೋಡದೆ ಕೇಳಿದರು, ‘ಊಟ ಆಯ್ತಾ?’